ಜಾನ್ ನ್ಯೂಟನನ ಚರಿತ್ರೆಯೂ ನಾಲಿಗೆಯ ಪಾಪವೂ

ಬೈಗುಳವು ಕ್ರೈಸ್ತರಿಗೆ ಪಾಪವೋ, ಅಥವಾ ಬರಿಯ ಬಾಯಿಯ ದುರಭ್ಯಾಸವೋ ಎಂಬ ಪ್ರಶ್ನೆಯು ನಮ್ಮ ಗ್ರಾಮಸಭೆಗಳಲ್ಲಿ ಆಗಾಗ ಏಳುವುದುಂಟು. ಎತ್ತು ಉಳುವ ಸಾಲಿನಲ್ಲಿಯೇ ಮಲಗಿಬಿಟ್ಟಾಗ, ಬಾವಿಯ ಬಳಿಯಲ್ಲಿ ಕೊಡಕ್ಕೆ ಕೊಡ ತಗಲಿದಾಗ, ಬದುವಿನ ಒಂದು ಗೇಣು ಮಣ್ಣಿಗಾಗಿ ಜಗಳವಾದಾಗ ಹೊರಡುವ ಮಾತುಗಳನ್ನು ನಾವು ಇಲ್ಲಿ ಬರೆಯಬೇಕಾಗಿಲ್ಲ. ವಾಚಕರು ಅವನ್ನು ಬಲ್ಲರು. ಮಾತುಮಾತಿಗೆ ದೇವರ ಮೇಲೆಯೂ ಮಕ್ಕಳ ಮೇಲೆಯೂ ಆಣೆಯಿಡುವ ರೂಢಿಯು ಅಷ್ಟೇ ಸಾಮಾನ್ಯವಾದದ್ದು. ದೇವರ ನಾಮದ ವಿಷಯವಾದ ಮೂರನೆಯ ಆಜ್ಞೆಯೂ, ಆಣೆಯ ವಿಷಯವಾಗಿ ಕರ್ತನು ಬೆಟ್ಟದ ಮೇಲೆ ಕಲಿಸಿದ ಉಪದೇಶವೂ, ಸ್ತುತಿಯೂ ಶಾಪವೂ ಒಂದೇ ಬಾಯಿಂದ ಹೊರಡುವುದನ್ನು ಕುರಿತು ಯಾಕೋಬನು ತನ್ನ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಬರೆದ ಗದರಿಕೆಯೂ ನಮ್ಮ ಮುಂದಿರುವುದರಿಂದ, ಅದು ಪಾಪವೇ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಪಾಪವೆಂದು ತಿಳಿದ ಮಾತ್ರಕ್ಕೆ ನಾಲಿಗೆಯು ನಿಲ್ಲುವುದಿಲ್ಲ. ಅದನ್ನು ನಿಲ್ಲಿಸುವುದು ಹೇಗೆಂದು ಕೇಳುವವರಿಗೆ ನಮ್ಮ ಬುದ್ಧಿವಾದಕ್ಕಿಂತ ಒಬ್ಬ ಮನುಷ್ಯನ ಚರಿತ್ರೆಯು ಹೆಚ್ಚು ಪ್ರಯೋಜನಕರವಾದೀತೆಂದು ಎಣಿಸಿ, ತನ್ನ ಕಾಲದ ನಾವಿಕರೊಳಗೆ ಬೈಗುಳಕ್ಕೆ ಹೆಸರಾಗಿದ್ದ ಜಾನ್ ನ್ಯೂಟನನ ವೃತ್ತಾಂತವನ್ನು ಹೇಳುತ್ತೇವೆ.

ಈತನು 1725ನೆಯ ಇಸವಿಯ ಜುಲೈ ತಿಂಗಳಲ್ಲಿ ಲಂಡನ್ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ವ್ಯಾಪಾರದ ಹಡಗಿನ ಕಪ್ತಾನನು. ಕಟ್ಟುನಿಟ್ಟಿನವನು, ಬಹುಕಾಲ ಕಡಲಿನ ಮೇಲೆಯೇ ಇರುವವನು. ತಾಯಿಯಾದ ಎಲಿಜಬೆತಳು ದೇವಭಕ್ತಳು. ಆಕೆಯು ಒಬ್ಬನೇ ಮಗನನ್ನು ಮೊಣಕಾಲ ಬಳಿಯಲ್ಲಿ ಕುಳ್ಳಿರಿಸಿಕೊಂಡು ನಾಲ್ಕನೆಯ ವಯಸ್ಸಿಗೆ ಓದಲು ಕಲಿಸಿದಳು; ವೇದವಾಕ್ಯಗಳನ್ನೂ ಪ್ರಶ್ನೋತ್ತರಗಳನ್ನೂ ಕೀರ್ತನೆಗಳನ್ನೂ ಬಾಯಿಪಾಠ ಮಾಡಿಸಿದಳು. ಅವನಿಗೆ ಏಳು ವರುಷ ತುಂಬುವುದಕ್ಕೆ ಕೆಲವು ದಿನಗಳ ಮುಂಚೆಯೇ ಆಕೆಯು ಕ್ಷಯರೋಗದಿಂದ ತೀರಿಹೋದಳು. ತಂದೆಯು ಮತ್ತೊಂದು ಮದುವೆಯಾದನು. ಹುಡುಗನನ್ನು ದೂರದ ಶಾಲೆಗೆ ಕಳುಹಿಸಿದರು. ಹನ್ನೊಂದನೆಯ ವಯಸ್ಸಿನಲ್ಲಿ ತಂದೆಯು ಅವನನ್ನು ತನ್ನ ಹಡಗಿಗೆ ಹತ್ತಿಸಿಕೊಂಡನು.

ಬೈಯುವುದನ್ನು ಅವನು ಕಲಿತದ್ದು ಈ ವಯಸ್ಸಿನಲ್ಲಿಯೇ. ತಂದೆಯ ಕಣ್ಣೆದುರಿಗೆ ಸೌಮ್ಯನು. ಮರೆಯಾದ ಕೂಡಲೇ ಶಾಪ, ದೇವದೂಷಣೆ. ಹಡಗಿನ ಆಳುಗಳ ನಡುವೆ ಬೆಳೆಯುವ ಹುಡುಗನಿಗೆ ಇದನ್ನು ಕಲಿಸಲು ಬೇರೆ ಗುರು ಬೇಕಾಗಿರಲಿಲ್ಲ. ಆದರೂ ಮನಸ್ಸಾಕ್ಷಿಯು ಅವನನ್ನು ಸುಮ್ಮನೆ ಬಿಡಲಿಲ್ಲ. ಒಮ್ಮೆ ಕುದುರೆಯು ಅವನನ್ನು ಕೆಡವಿತು. ಹೊಸದಾಗಿ ಕತ್ತರಿಸಿದ ಬೇಲಿಯ ಮೊನೆಗಳಿಂದ ಕೂದಲೆಳೆಯಷ್ಟರಲ್ಲಿ ತಪ್ಪಿಸಿಕೊಂಡನು. ಇನ್ನೊಮ್ಮೆ ಯುದ್ಧದ ಹಡಗನ್ನು ನೋಡಲು ದೋಣಿಯಲ್ಲಿ ಹೋಗಬೇಕಾಗಿದ್ದವನು ಕೆಲವು ನಿಮಿಷ ತಡವಾಗಿ ಬಂದನು; ಆ ದೋಣಿಯು ಮಗುಚಿ ಅವನ ಗೆಳೆಯನು ಸತ್ತನು. ಇಂಥ ಭಯಗಳು ಬಂದಾಗಲೆಲ್ಲ ಅವನು ಬೈಗುಳವನ್ನು ಬಿಟ್ಟನು. ಭಯವು ಆರಿದಾಗಲೆಲ್ಲ ಅದನ್ನು ಮತ್ತೆ ಹಿಡಿದನು. ಹದಿನಾರು ವರುಷವಾಗುವಷ್ಟರಲ್ಲಿ ಹೀಗೆ ಮೂರು ನಾಲ್ಕು ಸಾರಿ ನಡೆಯಿತು.

ಇವುಗಳಲ್ಲಿ ಕಡೆಯ ಸಾರಿಯ ಪ್ರಯತ್ನವನ್ನು ನಾವು ವಿಶೇಷವಾಗಿ ಗಮನಿಸಬೇಕು. ಆಗ ಅವನು ಅರೆಮನಸ್ಸಿನವನಾಗಿರಲಿಲ್ಲ. ದಿನದ ಬಹುಭಾಗವನ್ನು ವೇದವನ್ನೋದುವುದರಲ್ಲಿಯೂ ಪ್ರಾರ್ಥನೆಯಲ್ಲಿಯೂ ಕಳೆದನು, ಆಗಾಗ ಉಪವಾಸವಿದ್ದನು, ಮೂರು ತಿಂಗಳು ಮಾಂಸವನ್ನು ಮುಟ್ಟಲಿಲ್ಲ, ವ್ಯರ್ಥವಾದ ಒಂದು ಮಾತು ಬಾಯಿಂದ ಜಾರೀತೆಂದು ಹೆದರಿ, ಯಾರಾದರೂ ಏನಾದರೂ ಕೇಳಿದರೆ ಉತ್ತರ ಕೊಡುವುದಕ್ಕೂ ಹಿಂಜರಿದನು. ಬಾಯಿಗೆ ಬೀಗ ಹಾಕಿದರೆ ಸಾಕೆಂದು ನಂಬಿದವನು ಇದಕ್ಕಿಂತ ಹೆಚ್ಚೇನು ಮಾಡಬಲ್ಲನು? ಎರಡು ವರುಷಕ್ಕೂ ಹೆಚ್ಚು ಕಾಲ ಈ ವ್ರತ ನಡೆಯಿತು. ಇದರ ಫಲವಾಗಿ ಅವನು ಸಪ್ಪೆಮೋರೆಯವನೂ ಯಾರೊಡನೆಯೂ ಬೆರೆಯದವನೂ ಆದನೆಂದು ತಾನೇ ಮುಂದೆ ಬರೆದಿಟ್ಟಿದ್ದಾನೆ. ಈ ನಡುವೆ ಹಾಲೆಂಡಿನ ಮಿಡಲ್‌ಬರ್ಗ್ ಪಟ್ಟಣದಲ್ಲಿ ಷಾಫ್ಟ್ಸ್‌ಬರಿ ಎಂಬ ಪ್ರಭುವು ಬರೆದ ಒಂದು ಪುಸ್ತಕವು ಅವನ ಕೈಗೆ ಸಿಕ್ಕಿತು. ಅದು ಇಂಪಾದ ಮಾತುಗಳಲ್ಲಿ ನಂಬಿಕೆಯನ್ನು ಸಡಿಲಿಸುವ ಪುಸ್ತಕ. ಅದನ್ನು ಬಾಯಿಪಾಠವಾಗುವ ತನಕ ಓದಿದನು. ವಿಷವು ಮೆಲ್ಲಗೆ ಏರಿತು.

1742ನೆಯ ಇಸವಿಯ ದಶಂಬರದಲ್ಲಿ ಅವನು ಕೆಂಟ್ ಸೀಮೆಯ ಚಾಥಮ್ ಊರಿನಲ್ಲಿ ತಾಯಿಯ ಗೆಳತಿಯ ಮನೆಗೆ ಹೋಗಿ, ಆ ಮನೆಯ ಮಗಳಾದ ಮೇರಿ ಕ್ಯಾಟ್ಲೆಟ್ ಎಂಬವಳನ್ನು ಕಂಡನು. ಅವಳಿಗೆ ಇನ್ನೂ ಹದಿನಾಲ್ಕು ತುಂಬಿರಲಿಲ್ಲ. ಅವಳ ಮೇಲಣ ಪ್ರೀತಿಯು ಅವನ ಎಲ್ಲಾ ಕೆಟ್ಟ ವರುಷಗಳಲ್ಲಿಯೂ ಆರದೆ ಉಳಿಯಿತು. ಅದರ ಕಥೆಯೇ ಬೇರೆ. 1744ರಲ್ಲಿ ಸರಕಾರದ ಬಂಟರು ಅವನನ್ನು ಬಲವಂತವಾಗಿ ಹಿಡಿದು ಹಾರ್ವಿಚ್ ಎಂಬ ಯುದ್ಧದ ಹಡಗಿಗೆ ಸೇರಿಸಿದರು. ತಂದೆಯ ಶಿಫಾರಸಿನಿಂದ ಅಲ್ಲಿ ಸಣ್ಣ ಅಧಿಕಾರವೂ ದೊರೆಯಿತು. ಆ ಹಡಗಿನಲ್ಲಿದ್ದ ಒಬ್ಬ ನಾಸ್ತಿಕನ ಸಹವಾಸದಿಂದ ಮಿಡಲ್‌ಬರ್ಗಿನ ಪುಸ್ತಕವು ಆರಂಭಿಸಿದ ಕೆಲಸವು ಪೂರ್ತಿಯಾಯಿತು; ದೇವರಿಲ್ಲ, ತೀರ್ಪಿಲ್ಲವೆಂದು ಅವನು ಧೈರ್ಯಗೊಂಡನು. ಧೈರ್ಯಗೊಂಡವನು ಸುಮ್ಮನಿರಲಿಲ್ಲ, ಇತರರಿಗೂ ಕಲಿಸಿದನು. ಸದಾಚಾರದಲ್ಲಿ ಬೆಳೆದಿದ್ದ ಒಬ್ಬ ತರುಣನು ಅದೇ ಹಡಗಿನಲ್ಲಿದ್ದನು. ನ್ಯೂಟನನು ಅವನ ಬೆನ್ನು ಹತ್ತಿ ಅವನ ನಂಬಿಕೆಯನ್ನು ಕೆಡಿಸಿದನು. ವಾಚಕರು ಈ ತರುಣನನ್ನು ಮರೆಯದಿರಲಿ.

ಮುಂದಿನ ವರುಷ ಅವನು ಹಡಗು ಬಿಟ್ಟು ಓಡಿಹೋದನು, ಹಿಡಿದು ತಂದರು, ಎಲ್ಲರ ಮುಂದೆ ಬೆನ್ನು ಬರಿದುಮಾಡಿ ಕೊರಡೆಯಿಂದ ಹೊಡೆದು, ಅಧಿಕಾರದಿಂದ ಇಳಿಸಿ ಸಾಮಾನ್ಯ ಆಳಾಗಿ ಮಾಡಿದರು. ಮದೀರ ದ್ವೀಪದ ಬಳಿಯಲ್ಲಿ ಅವನನ್ನು ಪಶ್ಚಿಮ ಆಫ್ರಿಕಕ್ಕೆ ಹೋಗುವ ಒಂದು ವ್ಯಾಪಾರದ ಹಡಗಿಗೆ ಬದಲಾಯಿಸಿ ಕೊಟ್ಟರು. ಆ ವ್ಯಾಪಾರ ಮನುಷ್ಯರ ವ್ಯಾಪಾರ. ಹೊಸ ಕಪ್ತಾನನನ್ನು ಹಾಸ್ಯ ಮಾಡಿ ಅವನು ಒಂದು ಹಾಡು ಕಟ್ಟಿ ಹಡಗಿನ ಆಳುಗಳಿಗೆಲ್ಲ ಕಲಿಸಿದನು. ದೇವರು ಕೊಟ್ಟ ಪದ್ಯಕಟ್ಟುವ ವರವು ಮೊದಲು ಯಾವ ಕೆಲಸಕ್ಕೆ ಬಂತೆಂಬುದನ್ನು ನೋಡಿರಿ.

ಸಿಯೆರಾ ಲಿಯೋನಿನ ಕರಾವಳಿಯ ಪ್ಲಾಂಟೇನ್ ದ್ವೀಪಗಳಲ್ಲಿ ಅವನು ಒಬ್ಬ ಬಿಳಿಯ ವ್ಯಾಪಾರಿಯ ಬಳಿಯಲ್ಲಿ ಕೆಲಸಕ್ಕೆ ನಿಂತನು. ಜ್ವರದಿಂದ ಬಿದ್ದಾಗ ಆ ವ್ಯಾಪಾರಿಯ ಆಫ್ರಿಕದ ಹೆಂಡತಿಯು ಅವನಿಗೆ ಕುಡಿಯಲು ನೀರನ್ನೂ ಸರಿಯಾಗಿ ಕೊಡಿಸಲಿಲ್ಲ. ತಾನುಂಡ ತಟ್ಟೆಯ ಎಂಜಲನ್ನು ಕೊಟ್ಟಳು. ಆಗ ಸಂಕೋಲೆಗಳಲ್ಲಿದ್ದ ಗುಲಾಮರು ತಮಗೆ ಸಿಕ್ಕುತ್ತಿದ್ದ ಹಿಡಿಯನ್ನದಲ್ಲಿ ಸ್ವಲ್ಪವನ್ನು ಗುಟ್ಟಾಗಿ ತಂದು ಅವನಿಗೆ ತಿನ್ನಿಸಿದರು. ಈ ಉಪಕಾರವನ್ನು ಅವನು ಎಷ್ಟು ಬೇಗ ಮರೆತನೆಂಬುದು ಮುಂದೆ ತಿಳಿದುಬರುವುದು. ಅವನ ಬಳಿಯಲ್ಲಿ ಉಳಿದಿದ್ದ ಒಂದೇ ಪುಸ್ತಕವು ಯೂಕ್ಲಿಡನ ರೇಖಾಗಣಿತ. ಅದರ ಚಿತ್ರಗಳನ್ನು ಕಡಲದಡದ ಮರಳಿನಲ್ಲಿ ಕೋಲಿನಿಂದ ಬರೆದು ಕಲಿಯುತ್ತಾ ದುಃಖವನ್ನು ಮರೆಯುತ್ತಿದ್ದನು.

1747ರಲ್ಲಿ ಗ್ರೇಹೌಂಡ್ ಎಂಬ ಹಡಗು ಆ ಕರಾವಳಿಗೆ ಬಂತು. ಮಗನು ಸಿಕ್ಕಿದರೆ ಕರೆತರಬೇಕೆಂದು ತಂದೆಯು ಅದರ ಕಪ್ತಾನನನ್ನು ಬೇಡಿಕೊಂಡಿದ್ದನು. ದಂತ, ಚಿನ್ನ, ಜೇನುಮೇಣ, ಬಣ್ಣದ ಮರ ಇವುಗಳನ್ನು ಕೊಳ್ಳುತ್ತಾ ಸುಮಾರು ಒಂದು ವರುಷ ಕರಾವಳಿಯಲ್ಲಿಯೇ ತಿರುಗಾಡಿದರು. ನ್ಯೂಟನನಿಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ. ಕೆಲಸವಿಲ್ಲದ ಬಾಯಿಗೆ ಬೈಗುಳವೇ ಕೆಲಸವಾಯಿತು. ರೂಢಿಯ ಬೈಗುಳಗಳು ಅವನಿಗೆ ಸಾಲದೆ ಹೋದವು. ದಿನಕ್ಕೊಂದು ಹೊಸ ಶಾಪವನ್ನು ಯೋಚಿಸಿ ಕಟ್ಟುತ್ತಿದ್ದನು. ಕಪ್ತಾನನು ತಾನೇ ಬಾಯಿಯ ವಿಷಯದಲ್ಲಿ ಅಷ್ಟೇನೂ ಶುದ್ಧನಲ್ಲ. ಅಂಥವನೇ ಅಸಹ್ಯಪಟ್ಟು ಅವನನ್ನು ಗದರಿಸಬೇಕಾಯಿತು. ಕುಡಿತದ ಸೊಕ್ಕಿನಲ್ಲಿ ಬಾಯಿ ಸಡಿಲವಾಯಿತೆಂದು ಅನೇಕರು ನೆಪ ಹೇಳುತ್ತಾರಲ್ಲವೇ? ನ್ಯೂಟನನಿಗೆ ಆ ನೆಪವೂ ಇರಲಿಲ್ಲ. ಅವನಿಗೆ ಕುಡಿತದ ಚಾಳಿ ಇರಲಿಲ್ಲ. ಅವನು ಬೈದದ್ದೆಲ್ಲ ಸ್ಥಿರಬುದ್ಧಿಯಿಂದ ಬೈದದ್ದು. ಮತ್ತು ಅವನ ಬೈಗುಳವೆಲ್ಲ ಕೊನೆಗೆ ಒಬ್ಬಾತನ ಮೇಲೆ, ತಾಯಿಯು ಅವನಿಗೆ ಪ್ರಾರ್ಥಿಸಲು ಕಲಿಸಿದಾತನ ಮೇಲೆಯೇ ಹೋಗಿ ಬೀಳುತ್ತಿತ್ತು. ದೇವರಿಲ್ಲವೆಂದು ನಂಬಿದವನು ದೇವರನ್ನು ಅಷ್ಟು ಸಿಟ್ಟಿನಿಂದ ಬೈಯುವುದೇಕೆ? ಅವನ ನಾಸ್ತಿಕತನದ ಕೆಳಗೆ ಇನ್ನೂ ಏನೋ ಜೀವಂತವಾಗಿತ್ತೆಂದು ನಮಗೆ ತೋರುತ್ತದೆ.

1748ನೆಯ ಇಸವಿಯಲ್ಲಿ ಹಡಗು ಊರಿನ ಕಡೆಗೆ ತಿರುಗಿತು. ಮಾರ್ಚಿ 9ರಂದು ಹೊತ್ತು ಹೋಗದೆ ಅವನು ತೋಮಸ್ ಅ ಕೆಂಪಿಸನ ಭಕ್ತಿಪುಸ್ತಕವನ್ನು ಕೈಗೆತ್ತಿಕೊಂಡನು. ಇದೆಲ್ಲ ನಿಜವಾಗಿದ್ದರೆ ತನ್ನ ಗತಿಯೇನೆಂಬ ಆಲೋಚನೆ ಬರಲು, ಪುಸ್ತಕವನ್ನು ಮುಚ್ಚಿ ಹರಟೆಗೆ ಸೇರಿಕೊಂಡು ಮಲಗಿದನು. ಆ ರಾತ್ರಿ ಭಯಂಕರವಾದ ತೆರೆಯೊಂದು ಹಡಗಿಗೆ ಅಪ್ಪಳಿಸಿತು. ಮಲಗಿದ್ದ ಕೋಣೆಗೆ ನೀರು ನುಗ್ಗಿತು. ಮೇಲಕ್ಕೆ ಏರುತ್ತಿದ್ದ ಅವನನ್ನು ಕಪ್ತಾನನು ಚೂರಿ ತರುವುದಕ್ಕೆ ಹಿಂದಕ್ಕೆ ಕಳುಹಿಸಿದನು. ಅವನಿಗೆ ಬದಲಾಗಿ ಮೇಲಕ್ಕೆ ಏರಿದವನು ಆ ಕ್ಷಣದಲ್ಲಿಯೇ ಕಡಲಿನ ಪಾಲಾದನು. ಹಡಗಿನ ಒಂದು ಪಕ್ಕದ ಮೇಲುಭಾಗವು ಹರಿದುಹೋಗಿತ್ತು. ಹನ್ನೊಂದು ಹನ್ನೆರಡು ಮಂದಿ ಸೇರಿ ಪಂಪಿನಿಂದಲೂ ಬಕೀಟುಗಳಿಂದಲೂ ನೀರೆತ್ತಿದರು. ಹಾಸಿಗೆಬಟ್ಟೆಗಳನ್ನು ಬಿರುಕುಗಳಿಗೆ ತುರುಕಿ ಮೇಲೆ ಹಲಗೆ ಹೊಡೆದರು. ಹೇರಿದ್ದ ಸರಕು ನೀರಿಗಿಂತ ಹಗುರವಾದ ಮೇಣವೂ ಮರವೂ ಆಗಿರದಿದ್ದರೆ ಹಡಗು ಅಲ್ಲಿಯೇ ಮುಳುಗುತ್ತಿತ್ತು.

ಬೆಳಿಗ್ಗೆ ಸುಮಾರು ಒಂಬತ್ತು ಗಂಟೆಗೆ ಅವನು ಕಪ್ತಾನನೊಡನೆ ಮಾತಾಡಿ ಹಿಂದಿರುಗುವಾಗ, ಇನ್ನು ಕರ್ತನೇ ಕರುಣಿಸಬೇಕೆಂಬ ಅರ್ಥದ ಮಾತೊಂದು ಅವನ ಬಾಯಿಂದ ತಾನಾಗಿ ಹೊರಟಿತು. ಹೊರಟ ಕೂಡಲೇ ಅವನು ಬೆಚ್ಚಿ ನಿಂತನು. ಎಷ್ಟೋ ವರುಷಗಳಿಂದ ಆ ನಾಮವು ಅವನ ಬಾಯಲ್ಲಿ ಶಾಪವಾಗಿಯೇ ಬಂದಿತ್ತು. ಬೇಡಿಕೆಯಾಗಿ ಬಂದದ್ದು ಅಂದೇ. ತನ್ನಂಥವನಿಗೆ ಕರುಣೆಯೆಲ್ಲಿಯದೆಂಬ ಪ್ರಶ್ನೆಯು ಅದರ ಬೆನ್ನಿಗೇ ಬಂತು. ಮಧ್ಯಾಹ್ನದ ತನಕ ಪಂಪಿನಲ್ಲಿ ದುಡಿದು, ಕೈ ಸೋತ ಮೇಲೆ ಒಂದು ಗಂಟೆಯಿಂದ ನಡುರಾತ್ರಿಯ ತನಕ ಚುಕ್ಕಾಣಿಯ ಬಳಿಯಲ್ಲಿ ನಿಂತನು. ಆ ಹನ್ನೊಂದು ಗಂಟೆಗಳಲ್ಲಿ ತಾಯಿಯು ಕಲಿಸಿದ ವಾಕ್ಯಗಳು ಒಂದೊಂದಾಗಿ ಮರಳಿ ಬಂದವು. ಮೊದಲು ಅವನನ್ನು ಖಂಡಿಸುವ ವಾಕ್ಯಗಳೇ ಬಂದವು. ಸಂಜೆಗೆ ಹಡಗಿನ ನೀರು ಇಳಿಯಿತೆಂಬ ಸುದ್ದಿ ಬಂದಾಗ, ಅವನಿಗೆ ಸಣ್ಣದೊಂದು ನಿರೀಕ್ಷೆಯು ಕಾಣಿಸಿತು.

ಆಮೇಲೆ ನಾಲ್ಕು ವಾರ ಆ ಮುರುಕು ಹಡಗು ಕಡಲಿನಲ್ಲಿ ಅಲೆದಾಡಿತು. ಉಪ್ಪುಹಾಕಿದ ಅರ್ಧ ಮೀನೇ ಹನ್ನೆರಡು ಮಂದಿಗೆ ಒಂದು ದಿನದ ಊಟ. ಚಳಿಯಿಂದ ಒಬ್ಬನು ಸತ್ತನು. ಈ ಬಾಯಿಹರುಕನ ದೆಸೆಯಿಂದಲೇ ಈ ಕೇಡು ಬಂತು, ಇವನೇ ನಮ್ಮ ಯೋನನು, ಇವನನ್ನು ಕಡಲಿಗೆ ಹಾಕಿದರೆ ಉಳಿದವರು ಬದುಕುವೆವು ಎಂದು ಕಪ್ತಾನನು ಮತ್ತೆ ಮತ್ತೆ ಅನ್ನುತ್ತಿದ್ದನು. ನ್ಯೂಟನನು ಹೊಸ ಒಡಂಬಡಿಕೆಯನ್ನು ಓದುತ್ತಿದ್ದನು. ಬೇಡಿಕೊಳ್ಳುವವರಿಗೆ ಪವಿತ್ರಾತ್ಮವರವು ಕೊಡಲ್ಪಡುವದೆಂಬ ಲೂಕನ 11ನೆಯ ಅಧ್ಯಾಯದ ವಾಗ್ದಾನವನ್ನು ಕಂಡು, ಇದು ನಿಜವೋ ಸುಳ್ಳೋ ಬೇಡಿಯೇ ನೋಡಬೇಕೆಂದು ನಿಶ್ಚಯಿಸಿ ಬೇಡಲಾರಂಭಿಸಿದನು. ಏಪ್ರಿಲ್ 8ರಂದು ಅವರು ಐರ್ಲೆಂಡಿನ ಲಫ್ ಸ್ವಿಲಿ ಎಂಬ ರೇವನ್ನು ಮುಟ್ಟಿದಾಗ, ಅವರಲ್ಲಿದ್ದ ಕಡೆಯ ಆಹಾರವು ಗಡಿಗೆಯಲ್ಲಿ ಬೇಯುತ್ತಿತ್ತು. ಎರಡು ಗಂಟೆಗಳೊಳಗೆ ಗಾಳಿಯು ಮತ್ತೆ ಬಲವಾಗಿ ಎದ್ದಿತು.

ಆ ದಿನಗಳಿಂದ ನ್ಯೂಟನನು ಬೈಯಲಿಲ್ಲ. ತನಗೆ ಎರಡನೆಯ ಸ್ವಭಾವದಂತೆ ಬೇರೂರಿದ್ದ ಆ ಚಾಳಿಯಿಂದ ಬಿಡುಗಡೆಯಾದೆನೆಂದು ಅವನು ಬರೆದಿದ್ದಾನೆ. ಮೊದಲಿನ ಪ್ರಯತ್ನಕ್ಕೂ ಇದಕ್ಕೂ ಇದ್ದ ಭೇದವನ್ನು ವಾಚಕರು ತಾವೇ ಕಾಣುವರು. ಹುಡುಗನಾಗಿದ್ದಾಗ ಬಾಯನ್ನು ಬರಿದುಮಾಡಿ ಮುಚ್ಚಿಟ್ಟನು; ಹಡಗಿನಲ್ಲಿ ಅದೇ ಬಾಯಿಗೆ ಬೇಡುವ ಕೆಲಸ ಸಿಕ್ಕಿತು. ದಿನವೂ ಯಾರ ಹೆಸರನ್ನು ಹಿಡಿದು ಬೇಡುತ್ತೇವೋ ಆತನ ಹೆಸರಿನಿಂದ ಬೈಯುವುದು ಕಷ್ಟವಾಗುತ್ತದೆ. ಇದಕ್ಕಿಂತ ಸುಲಭವಾದ ಉಪಾಯವನ್ನು ನಾವು ಅರಿಯೆವು.

ಆದರೆ ಚರಿತ್ರೆಯನ್ನು ಇಲ್ಲಿಗೇ ನಿಲ್ಲಿಸಿದರೆ ನಾವು ಸುಳ್ಳು ಹೇಳಿದಂತಾದೀತು. ಅನೇಕ ಚಿಕ್ಕ ಪುಸ್ತಕಗಳು ಇಲ್ಲಿಗೇ ನಿಲ್ಲಿಸುತ್ತವೆ. ಆತನ ನಾಲಿಗೆಯು ಶುದ್ಧವಾಯಿತು, ಕೈಗಳು ಆಗಲಿಲ್ಲ. 1750ರ ಫೆಬ್ರವರಿ 1ರಂದು ಮೇರಿಯನ್ನು ಮದುವೆಯಾಗಿ, ಅದೇ ವರುಷ ಡ್ಯೂಕ್ ಆಫ್ ಆರ್ಗೈಲ್ ಎಂಬ ಹಡಗಿನ ಕಪ್ತಾನನಾಗಿ ಗುಲಾಮರನ್ನು ಕೊಳ್ಳಲು ಆಫ್ರಿಕಕ್ಕೆ ಹೋದನು. ಆಮೇಲೆ ಆಫ್ರಿಕನ್ ಎಂಬ ಹಡಗಿನಲ್ಲಿ ಎರಡು ಸಾರಿ ಹೋದನು. ಭಾನುವಾರಗಳಲ್ಲಿ ಆಳುಗಳನ್ನು ಕೂಡಿಸಿ ಆರಾಧನೆ ನಡಿಸಿದನು. ಅದೇ ಹಲಗೆಗಳ ಕೆಳಗೆ, ಐದು ಅಡಿಗಳಷ್ಟೂ ಎತ್ತರವಿಲ್ಲದ ಜಾಗಗಳಲ್ಲಿ, ಗಂಡಸರು ಇಬ್ಬಿಬ್ಬರಾಗಿ ಬೇಡಿಗಳಲ್ಲಿ ಮಲಗಿದ್ದರು. ದಂಗೆಯ ಸಂಶಯ ಬಂದಾಗ ಹೆಬ್ಬೆರಳುಗಳನ್ನು ಹಿಂಡುವ ತಿರುಪುಗಳನ್ನು ಹಾಕಿಸಿದ್ದನ್ನು ತನ್ನ ದಿನಚರಿಯಲ್ಲಿ ತಾನೇ ಬರೆದಿದ್ದಾನೆ. ಜ್ವರದಲ್ಲಿ ತನಗೆ ಅನ್ನವಿಟ್ಟವರ ಜನರನ್ನೇ ಹೀಗೆ ಮಾಡಿದನು. ಆ ಕಾಲದಲ್ಲಿ ಅದು ಮರ್ಯಾದೆಯ ಕಸಬಾಗಿತ್ತು. ಸಭೆಗಳಲ್ಲಿ ಯಾರೂ ಅವನನ್ನು ಗದರಿಸಲಿಲ್ಲ. ಬೈಗುಳವನ್ನು ಬಿಟ್ಟ ಮನುಷ್ಯನೆಂದು ಎಲ್ಲರೂ ಸಂತೋಷಪಟ್ಟರು.

ಈ ದಿನಗಳಲ್ಲಿಯೇ ಹಾರ್ವಿಚ್ ಹಡಗಿನ ಆ ತರುಣನು ಲಿವರ್‌ಪೂಲಿನಲ್ಲಿ ಅವನಿಗೆ ಎದುರಾದನು. ನ್ಯೂಟನನು ತನ್ನ ಮಾರ್ಪಾಟನ್ನು ತಿಳಿಸಿ ಅವನನ್ನೂ ತಿರುಗಿಸಲು ನೋಡಿದನು. ಈ ದಾರಿಯನ್ನು ಮೊದಲು ತೋರಿಸಿದವನು ನೀನೇ ಅಲ್ಲವೇ ಎಂಬುದೇ ಅವನಿಂದ ಬಂದ ಉತ್ತರ. ನ್ಯೂಟನನು ಅವನನ್ನು ತನ್ನ ಸಂಗಡ ಹಡಗಿಗೆ ಕರೆದುಕೊಂಡು ಹೋದನು. ದಾರಿಯುದ್ದಕ್ಕೂ ಬೋಧಿಸಿದನು, ಬೇಡಿದನು. ಆ ಮನುಷ್ಯನು ದೂಷಣೆಯಲ್ಲಿ ಇನ್ನೂ ಮುಂದುವರಿದನು. ಕಡೆಗೆ ಆಫ್ರಿಕದ ಕರಾವಳಿಯಲ್ಲಿ ಒಂದು ಸಣ್ಣ ಹಡಗನ್ನು ಕೊಂಡು ಅವನ ವಶಕ್ಕೆ ಕೊಟ್ಟು ಕಳುಹಿಸಿದನು. ಸ್ವಲ್ಪ ಕಾಲದಲ್ಲಿಯೇ ಅವನು ವಿಷಜ್ವರದಿಂದ ಸತ್ತನು. ಸಾಯುವಾಗ ಅವನಲ್ಲಿದ್ದ ರೋಷವೂ ನಿರಾಶೆಯೂ ಕಂಡವರನ್ನು ನಡುಗಿಸಿದವು. ನ್ಯೂಟನನ ನಾಲಿಗೆಯು ನಿಂತಿತ್ತು. ಆ ನಾಲಿಗೆಯು ಹಿಂದೆ ಬಿತ್ತಿದ್ದು ನಿಂತಿರಲಿಲ್ಲ. ಈ ಸಂಗತಿಯನ್ನು ಬರೆಯುವಾಗ ನಮ್ಮ ಸ್ವಂತ ಮಾತುಗಳನ್ನು ಎಲ್ಲೆಲ್ಲಿ ಬಿಟ್ಟುಬಂದಿದ್ದೇವೋ ಎಂಬ ಭಯ ನಮಗೂ ಬರುತ್ತದೆ.

1754ರಲ್ಲಿ, ಮತ್ತೊಂದು ಪ್ರಯಾಣಕ್ಕೆ ಸಿದ್ಧವಾಗಿದ್ದಾಗ, ಹೆಂಡತಿಯೊಡನೆ ಚಹಾ ಕುಡಿಯುತ್ತಿದ್ದವನು ಒಮ್ಮೆಲೇ ಮೂರ್ಛೆಹೋದನು. ವೈದ್ಯರ ಮಾತಿನ ಮೇರೆಗೆ ಕಡಲನ್ನು ಬಿಟ್ಟನು. ಗುಲಾಮರ ವ್ಯಾಪಾರವನ್ನು ಮನಸ್ಸಾಕ್ಷಿಯಿಂದ ಬಿಟ್ಟನೆಂದು ಹೇಳುವುದು ಸರಿಯಲ್ಲ. ಆರೋಗ್ಯದ ಕಾರಣದಿಂದ ಬಿಟ್ಟನು. ಮುಂದಿನ ವರುಷ ಲಿವರ್‌ಪೂಲಿನ ಸುಂಕದ ಕಚೇರಿಯಲ್ಲಿ ಉದ್ಯೋಗ ದೊರೆಯಿತು. ಅಲ್ಲಿ ಗ್ರೀಕ್, ಇಬ್ರಿಯ ಭಾಷೆಗಳನ್ನು ಕಲಿತನು. ಬೋಧಕನಾಗಬೇಕೆಂದು ಹಲವು ವರುಷ ಕೇಳಿಕೊಂಡರೂ ಬಿಷಪರು ಒಪ್ಪಲಿಲ್ಲ. ಕಡೆಗೆ 1764ರಲ್ಲಿ ಅಭಿಷೇಕ ಹೊಂದಿ ಓಲ್ನಿ ಎಂಬ ಊರಿನ ಬೋಧಕನಾದನು.

ಓಲ್ನಿಯ ಜನರು ಹೆಚ್ಚಾಗಿ ಲೇಸು ಹೆಣೆದು ಹೊಟ್ಟೆ ಹೊರೆಯುವ ಬಡವರು. ನ್ಯೂಟನ್ ಅಯ್ಯನವರು ಅವರ ಪ್ರಾರ್ಥನಾಕೂಟಗಳಿಗಾಗಿ ಸುಲಭವಾದ ಕೀರ್ತನೆಗಳನ್ನು ಕಟ್ಟತೊಡಗಿದರು. ಕವಿಯಾದ ವಿಲಿಯಂ ಕೂಪರನು ನೆರೆಯಲ್ಲಿ ಬಂದು ನೆಲಸಿ ಅವರಿಗೆ ಜೊತೆಯಾದನು. ಇಬ್ಬರ 348 ಕೀರ್ತನೆಗಳು 1779ರಲ್ಲಿ ಅಚ್ಚಾದವು. ಕೃಪೆಯ ಆಶ್ಚರ್ಯವನ್ನು ಕುರಿತು ಇಂದು ಲೋಕವೆಲ್ಲ ಹಾಡುವ ಆ ಪ್ರಸಿದ್ಧ ಕೀರ್ತನೆಯು 1773ನೆಯ ಇಸವಿಯ ಹೊಸವರುಷದ ಆರಾಧನೆಗಾಗಿ ಆ ಬಡಜನರಿಗೆಂದು ಕಟ್ಟಿದ್ದು. ಕಪ್ತಾನನನ್ನು ಹಾಸ್ಯ ಮಾಡಿ ಹಾಡು ಕಟ್ಟಿದ ಕೈಯೇ ಇದನ್ನೂ ಬರೆಯಿತು.

1780ರಲ್ಲಿ ಅಯ್ಯನವರು ಲಂಡನಿನ ಸೇಂಟ್ ಮೇರಿ ವುಲ್ನಾತ್ ದೇವಾಲಯಕ್ಕೆ ಬಂದರು. 1785ರಲ್ಲಿ ವಿಲ್ಬರ್‌ಫೋರ್ಸ್ ಎಂಬ ಯುವಕ ಪಾರ್ಲಿಮೆಂಟು ಸಭಿಕನು ಯಾರಿಗೂ ತಿಳಿಯದಂತೆ ಅವರ ಬಳಿಗೆ ಬಂದು, ರಾಜ್ಯಕಾರ್ಯವನ್ನು ಬಿಟ್ಟುಬಿಡಲೋ ಎಂದು ವಿಚಾರಿಸಿದಾಗ, ಇದ್ದಲ್ಲಿಯೇ ದೇವರನ್ನು ಸೇವಿಸಬೇಕೆಂದು ಬುದ್ಧಿ ಹೇಳಿದರು. ಬಂಗಾಳಕ್ಕೆ ಪಾದ್ರಿಯಾಗಿ ಬಂದು 1806ರಲ್ಲಿ ಮಲಬಾರಿನ ಸುರಿಯಾನಿ ಸಭೆಗಳನ್ನು ನೋಡಿಹೋದ ಕ್ಲಾಡಿಯಸ್ ಬುಕಾನನನೂ ಅವರ ಪ್ರಸಂಗದಿಂದ ಎಚ್ಚತ್ತವನೇ.

1788ರಲ್ಲಿ, ಕಡಲು ಬಿಟ್ಟ ಮೂವತ್ತನಾಲ್ಕು ವರುಷಗಳ ಮೇಲೆ, ಅವರು ಆಫ್ರಿಕದ ಗುಲಾಮರ ವ್ಯಾಪಾರವನ್ನು ಕುರಿತು ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿದರು. ಅದರಲ್ಲಿ ತಮ್ಮನ್ನು ತಾವು ಬಿಟ್ಟುಕೊಳ್ಳಲಿಲ್ಲ. ಬೆಳಿಗ್ಗೆ ನೋಡುವಾಗ ಬದುಕಿದ್ದವನು ಸತ್ತವನೊಡನೆ ಒಂದೇ ಬೇಡಿಯಲ್ಲಿ ಸಿಕ್ಕಿರುತ್ತಿದ್ದನೆಂಬುದನ್ನೂ, ಇಂಥ ವ್ಯಾಪಾರದಲ್ಲಿ ತಾವು ಕೈಯಿಟ್ಟಿದ್ದೆವೆಂಬುದನ್ನೂ, ಈ ಅರಿಕೆಯು ಬಹಳ ತಡವಾಗಿ ಬಂತೆಂಬುದನ್ನೂ ಬರೆದರು. ಪಾರ್ಲಿಮೆಂಟಿನ ವಿಚಾರಣಾ ಸಭೆಯ ಮುಂದೆಯೂ ನಿಂತು ಕಂಡದ್ದನ್ನು ಹೇಳಿದರು. ದೊಡ್ಡ ಮನುಷ್ಯರು ವಾದಗಳನ್ನು ಹೇಳಿದರು; ಇವರು ಅಲ್ಲಿದ್ದವರಾಗಿ ಹೇಳಿದರು. ನಾಲಿಗೆಯ ಬಿಡುಗಡೆಯು ನಿಜವಾಗಿ ಪೂರ್ತಿಯಾದದ್ದು ಅಂದೇ ಎಂದು ನಾವು ಎಣಿಸುತ್ತೇವೆ. ಬೈಯದಿರುವುದಕ್ಕಿಂತ, ಮಾನಹೋದರೂ ಸತ್ಯವನ್ನು ಆಡುವುದು ಅದಕ್ಕೆ ಕಷ್ಟವಾದ ಪಾಠವಾಗಿತ್ತು.

ಮೇರಿಯಮ್ಮನವರು 1790ರಲ್ಲಿ ತೀರಿಕೊಂಡರು. ಬಿರುಗಾಳಿಯ ಆ ದಿನವನ್ನು, ಹೊಸ ಪಂಚಾಂಗದ ಪ್ರಕಾರ ಮಾರ್ಚಿ 21ನ್ನು, ಅಯ್ಯನವರು ವರುಷ ವರುಷವೂ ಪ್ರಾರ್ಥನೆಯಲ್ಲಿ ಕಳೆಯುತ್ತಿದ್ದರು. ಕಣ್ಣು ಮಂಜಾಯಿತು, ಕಿವಿ ಮಂದವಾಯಿತು, ನೆನಪು ಜಾರಿತು. ಆದರೂ ಪೀಠವನ್ನು ಬಿಡಲಿಲ್ಲ. 1806ರಲ್ಲಿ ಟ್ರಫಾಲ್ಗರ್ ಯುದ್ಧದಲ್ಲಿ ನೊಂದವರ ಸಹಾಯಕ್ಕಾಗಿ ಮಾಡಿದ ಕಡೆಯ ಪ್ರಸಂಗದಲ್ಲಿ, ತಾವು ಯಾವ ವಿಷಯವನ್ನು ಹೇಳುತ್ತಿದ್ದೇವೆಂಬುದನ್ನೇ ಮರೆತರು; ಪಕ್ಕದವರು ನೆನಪು ಮಾಡಿಕೊಡಬೇಕಾಯಿತು. ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಕಾನೂನಿಗೆ 1807ರ ಮಾರ್ಚಿಯಲ್ಲಿ ಅರಸನ ಒಪ್ಪಿಗೆ ದೊರೆಯಿತು. ಅದೇ ವರುಷ ದಶಂಬರ 21ರಂದು, ಎಂಬತ್ತೆರಡು ವರುಷದವರಾಗಿ, ನ್ಯೂಟನ್ ಅಯ್ಯನವರು ನಿದ್ರೆಹೋದರು.

ತಮ್ಮ ಗೋರಿಯ ಮೇಲಿನ ಬರಹವನ್ನು ಅವರು ತಾವೇ ಬರೆದಿಟ್ಟಿದ್ದರು. ತಾವು ಒಂದು ಕಾಲದಲ್ಲಿ ನಂಬಿಕೆಯಿಲ್ಲದ ದುರ್ನಡತೆಯವರೂ ಆಫ್ರಿಕದಲ್ಲಿ ಗುಲಾಮರಿಗೆ ಆಳಾಗಿದ್ದವರೂ ಆಗಿದ್ದರೆಂಬುದನ್ನು ಅದರಲ್ಲಿ ಮೊದಲು ಹೇಳಿ, ಬೋಧಕರಾಗಿದ್ದುದನ್ನು ಆಮೇಲೆ ಹೇಳಿದ್ದಾರೆ. 1893ರಲ್ಲಿ ಅವರ ಮತ್ತು ಅವರ ಹೆಂಡತಿಯ ಎಲುಬುಗಳನ್ನು ಲಂಡನಿನಿಂದ ಓಲ್ನಿಗೆ ತಂದು, ಆ ಊರಿನ ದೇವಾಲಯದ ಅಂಗಳದಲ್ಲಿ ಇಟ್ಟರು.